ಅತ್ತೆ ಎತ್ತಿಕೊಟ್ಟ ಕೋಳಿ

ನಮ್ಮ ಅತ್ತೆ ಗಂಗಲಕ್ಷ್ಮಮ್ಮನವರು ಬದುಕಿನಲ್ಲಿ ಸ್ಟೇಜು ಹತ್ತಿದ್ದು ಒಂದೇ ಸಲ. ಆ ಒಂದು ಸಲಕ್ಕೆ ದೇಶದ ಮೂಲೆಮೂಲೆಯಿಂದ ಮೆದುಳಿನ ವಿಜ್ಞಾನಿಗಳು ತುಮಕೂರಿಗೆ ಬಂದು ಕೂತಿದ್ದರು. ಅದಕ್ಕೆ ಮೊದಲು ಅತ್ತೆಯ ಬಾಳೆಲ್ಲ ಪರದೆಯ ಹಿಂದೆಯೇ ನಡೆದಿತ್ತು. ಅಲ್ಲಿಂದಲೇ ಅವರು ಎದುರಿಗಿದ್ದವರನ್ನೆಲ್ಲ ಆಡಿಸುತ್ತಿದ್ದರು. ಸೊಸೆಯಾಗಿ ಬಂದ ನನಗೂ ಆ ಆಟದಲ್ಲಿ ಒಂದು ಪಾರ್ಟು ಸಿಕ್ಕಿತ್ತು, ಮಾತು ಕಡಿಮೆ, ಕೆಲಸ ಜಾಸ್ತಿ ಇರುವಂಥದ್ದು.

ಅತ್ತೆಯ ತವರು ಹುಲಿಯೂರುದುರ್ಗ. ಅವರಪ್ಪ ಚಿಕ್ಕಮಾರಯ್ಯ ಹಾರ್ಮೋನಿಯಂ ಮೇಷ್ಟ್ರು. ಕುಣಿಗಲ್ ಕಡೆಯಿಂದ ಗುಬ್ಬಿ ಕಡೆಯ ತನಕ ಹಳ್ಳಿಯ ರೈತರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದರು. ರಾಗಿ ಕೊಯ್ಲು ಮುಗಿದ ಮೇಲೆ ಒಂದು ಊರು ಹಿಡಿದರೆ, ಹಾಡು ಬಾರದವನಿಗೆ ಹಾಡು, ಮಾತು ಬಾರದವನಿಗೆ ಮಾತು ಕಲಿಸಿ, ನಾಟಕ ಆಡಿಸಿಯೇ ಊರು ಬಿಡುತ್ತಿದ್ದರು. ಮೇಷ್ಟ್ರ ಎರಡು ಕೈಯೂ ಪೆಟ್ಟಿಗೆಯ ಮೇಲಿರುತ್ತಿದ್ದುದರಿಂದ, ಪಾತ್ರಧಾರಿ ಮಾತು ಮರೆತು ನಿಂತರೆ ಎತ್ತಿಕೊಡುವ ಕೆಲಸ ತಾಯಿಯಿಲ್ಲದ ಮಗಳ ಪಾಲಿಗೆ ಬಂದಿತ್ತು. ಎತ್ತಿಕೊಡುವುದು ಅಂದರೆ ಸೈಡ್ ವಿಂಗಿನ ಮರೆಯಲ್ಲಿ ನಿಂತು ಮುಂದಿನ ಮಾತಿನ ತುದಿ ಹಿಡಿಸುವುದು. ಅದೂ ಒಂದು ವಿದ್ಯೆಯೇ. ಮೆಲ್ಲಗೆ ಹೇಳಿದರೆ ಪಾತ್ರಧಾರಿಗೆ ಕೇಳಿಸುವುದಿಲ್ಲ, ಜೋರಾಗಿ ಹೇಳಿದರೆ ಜನಕ್ಕೆ ಕೇಳಿಸುತ್ತದೆ. ಅತ್ತೆಯದು ಎರಡರ ನಡುವಿನ ಗಂಟಲು. ಈಗಲೂ ಅಡುಗೆಮನೆಯಲ್ಲಿ ನಿಂತು ಜಗಲಿಯ ಮೇಲಿರುವವರಿಗೆ ಮಾತ್ರ ಮುಟ್ಟುವ ಹಾಗೆ ಮಾತಾಡಬಲ್ಲರು. ನಡುಮನೆಯಲ್ಲಿರುವ ನನಗೆ ಒಂದಕ್ಷರ ಸಿಕ್ಕುವುದಿಲ್ಲ.

ಮಾವ ಲಕ್ಷ್ಮೀನರಸಿಂಹಯ್ಯನವರದು ಗುಬ್ಬಿ ತಾಲ್ಲೂಕಿನ ಮರಿಗೊಂಡನಪಾಳ್ಯ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಬಾಗಿಲಿಗೆ ತಲೆ ತಾಗುವಂಥ ಎತ್ತರ, ತೋಟದಲ್ಲಿ ಕೂಗಿದರೆ ಊರಿಗೆ ಕೇಳಿಸುವ ದನಿ. ಅಂಥ ಆಳಿಗೆ ಗದೆ ಕೊಡದೆ ಇನ್ಯಾರಿಗೆ ಕೊಡುತ್ತಾರೆ? ಆದರೆ ಗದೆ ಹೆಗಲಿಗೇರಿದ ಕೂಡಲೇ ಮಾವನಿಗೆ ಮಾತು ಮರೆತುಹೋಗುತ್ತಿತ್ತು. ಚಿಕ್ಕಮಾರಯ್ಯ ಆ ಊರಿಗೆ ಬಂದ ವರ್ಷ ಮಾವ ಮೊದಲ ಸೀನಿನಿಂದ ಕೊನೆಯ ಸೀನಿನ ತನಕ ಸೈಡ್ ವಿಂಗಿನ ಕಡೆಗೆ ಕಿವಿ ಕೊಟ್ಟುಕೊಂಡೇ ರಾಜ್ಯವಾಳಿದರು. ನಾಟಕ ಮುಗಿಯುವುದರೊಳಗೆ ಮಾವನ ಅಪ್ಪನಿಗೆ ಒಂದು ವಿಷಯ ಖಾತ್ರಿಯಾಯಿತು. ಆ ಹುಡುಗಿ ಹಿಂದೆ ನಿಲ್ಲದಿದ್ದರೆ ತನ್ನ ಮಗ ಎಲ್ಲೂ ಬಾಯಿ ಬಿಡುವ ಹಾಗಿಲ್ಲ. ಮುಂದಿನ ಶ್ರಾವಣದಲ್ಲಿ ಮದುವೆಯಾಯಿತು.

ಒಂದು ವರ್ಷ ಮಾವ ಸ್ಟೇಜಿನ ಮೇಲೆ 'ಇಂದು ಅಮಾವಾಸ್ಯೆ' ಅನ್ನುವ ಕಡೆ ಎದೆಯುಬ್ಬಿಸಿ 'ಇಂದು ಹುಣ್ಣಿಮೆ' ಅಂದುಬಿಟ್ಟರು. ಮಂತ್ರಿಯ ಪಾರ್ಟು ಪಕ್ಕದ ಮನೆಯ ಮಹಾದೇವಯ್ಯನದು. ಅವನು ತಿದ್ದಲು ಬಾಯಿ ತೆರೆದ. ಸೈಡ್ ವಿಂಗಿನಿಂದ ಅತ್ತೆ, "ಹುಣ್ಣಿಮೆ ಅನ್ನಲಾ," ಅಂದರು. ಅವನು ಹುಣ್ಣಿಮೆ ಅಂದ. ಅವನ ನಂತರ ಬಂದವರೂ ಹುಣ್ಣಿಮೆ ಅಂದರು. ನಾಟಕ ಮುಗಿಯುವ ತನಕ ಅಮಾವಾಸ್ಯೆ ಬರಲೇ ಇಲ್ಲ, ಯುದ್ಧವೆಲ್ಲ ಬೆಳದಿಂಗಳಲ್ಲೇ ನಡೆದುಹೋಯಿತು. ಅದು ಚಿಕ್ಕಮಾರಯ್ಯ ಹೇಳಿಕೊಟ್ಟ ನಿಯಮ. ರಾಜ ತಪ್ಪಿದರೆ ಮಂತ್ರಿ ತಿದ್ದಬಾರದು, ತಾನೂ ತಪ್ಪಬೇಕು. ಒಬ್ಬ ತಪ್ಪಿದರೆ ಜನ ನಗುತ್ತಾರೆ, ಎಲ್ಲರೂ ತಪ್ಪಿದರೆ ಅದೇ ನಾಟಕ.

ನಾನು ಸುಧಾ, ಗುಬ್ಬಿಯಲ್ಲಿ ಹೈಸ್ಕೂಲ್ ಟೀಚರ್. ಪರೀಕ್ಷೆಯಲ್ಲಿ ಪಕ್ಕದವನಿಗೆ ತುಟಿ ಅಲ್ಲಾಡಿಸಿದರೂ ಎಬ್ಬಿಸಿ ನಿಲ್ಲಿಸುವವಳು. ಅಂಥವಳು ಈ ಮನೆಗೆ ಬಂದು ಬಿದ್ದದ್ದು ಯಾವ ಜನ್ಮದ ಋಣವೋ. ನನ್ನ ಗಂಡ ನಾಗೇಶ್ ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಅವರು ಸಾಹೇಬರಿಗೆ ರಜೆ ಕೇಳಲು ಫೋನ್ ಮಾಡಿದರೂ ಹಿಂದೆ ಅತ್ತೆ ನಿಂತು, "ಜ್ವರ ಅನ್ನು. ಕೆಮ್ಮು. ಕೆಮ್ಮು ಅಂತ ಹೇಳ್ಬೇಡ, ಕೆಮ್ಮು," ಅಂತ ಎತ್ತಿಕೊಡುತ್ತಾರೆ. ನಾನೇನಾದರೂ ಅಂದರೆ, "ನಿಂತೋದೋನಿಗೆ ಒಂದ್ ಮಾತ್ ಎತ್ಕೊಟ್ರೆ ಕಾಪಿ ಆಯ್ತದಾ? ನಿಮ್ ಸ್ಕೂಲು ಕಟುಕರ ಅಂಗಡಿ ಕಣವ್ವ," ಅನ್ನುತ್ತಾರೆ.

ಮಾವ ಮರೆಯುವುದು ಹೊಸದಲ್ಲವಾದ್ದರಿಂದ ಅವರಿಗೆ ಮರೆವು ಹಿಡಿದದ್ದು ನಮಗೆ ಗೊತ್ತಾಗಲು ತಡವಾಯಿತು. ಹಾಲಿನ ಸಂಘಕ್ಕೆ ಖಾಲಿ ಕ್ಯಾನು ಹೊತ್ತು ಹೋದಾಗ ನಕ್ಕೆವು. ನಾಗೇಶ್‌ನನ್ನು ತೀರಿಕೊಂಡ ತಮ್ಮನ ಹೆಸರಿನಲ್ಲಿ ಕರೆದಾಗ ಯಾರೂ ನಗಲಿಲ್ಲ. ಆಮೇಲಾಮೇಲೆ ಉಂಡು ಕೈ ತೊಳೆದು ಬಂದು ಮತ್ತೆ ತಟ್ಟೆಯ ಮುಂದೆ ಕೂರತೊಡಗಿದರು. ಅತ್ತೆ ಒಂದು ಮಾತೂ ಆಡದೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಇಕ್ಕಿ, "ಇನ್ನೊಂಚೂರು ಬಾಕಿ ಇತ್ತಲ್ಲ, ಉಣ್ಣಿ," ಅನ್ನುತ್ತಿದ್ದರು. ಮೊದಮೊದಲು ಇದಕ್ಕಾಗಿಯೇ ಅಷ್ಟು ಸಣ್ಣ ಮುದ್ದೆ ಕಟ್ಟಿಡುತ್ತಾರೆಂದು ನನಗೆ ಹೊಳೆದಿರಲಿಲ್ಲ.

"ಡಾಕ್ಟರಿಗೆ ತೋರಿಸೋಣ ಅತ್ತೆ," ಅಂದೆ.

"ತೋರ್ಸುದ್ರೆ ಏನಂತಾರೆ? ಅರಳುಮರಳು ಅಂತಾರೆ. ನಮ್ಮಪ್ಪಂಗೂ ಅಂದ್ರು."

ಆ ಕಥೆ ನನಗೆ ಗೊತ್ತಿತ್ತು. ಊರೂರಿಗೆ ಹಾಡು ಹಂಚಿದ ಚಿಕ್ಕಮಾರಯ್ಯ ಕೊನೆಗಾಲದಲ್ಲಿ ಹಾರ್ಮೋನಿಯಂ ಯಾವ ಕಡೆಯಿಂದ ತೆರೆಯಬೇಕೆಂದು ತಡಕಾಡುತ್ತಿದ್ದರಂತೆ. ಯಾರೋ ಮೇಷ್ಟ್ರಿಗೆ ಅರಳುಮರಳು ಅಂದರು. ಅಂದಿನಿಂದ ಜನ ಅವರ ಎದುರಿಗೇ ಕೂತು ಅವರ ವಿಚಾರ ಮಾತಾಡತೊಡಗಿದರು, ಅವರ ಜೊತೆ ಮಾತಾಡುವುದನ್ನು ಬಿಟ್ಟರು.

"ನಮ್ಮಪ್ಪ ಸತ್ತಿದ್ದು ಆಮ್ಯಾಕೆ ಕಣವ್ವ," ಅಂದರು ಅತ್ತೆ. "ಜನ ಮಾತಾಡ್ಸೋದ್ ಬುಟ್ಟಿದ್ದು ಮುಂಚೆ. ನಿಮ್ಮಾವನ್ನ ಹಂಗೆ ಮೂಲೇಲಿ ಕೂರ್ಸಾಕೆ ನಾನ್ ಬುಡಲ್ಲ. ನಾನಿರೋಗಂಟ ಅವ್ರು ನಿಂತೋಗಲ್ಲ."

ಹೀಗಿರುವಾಗ ನಮ್ಮೂರಿಗೆ ಮೆದುಳು ಸಂಘ ಬಂತು.

ಅದರ ಪೂರ್ತಿ ಹೆಸರು ರಾಷ್ಟ್ರೀಯ ಮೆದುಳು ಮತ್ತು ನರಮಂಡಲ ಸಂಶೋಧನಾ ಸಂಘ. ದೇಶದ ವಿಜ್ಞಾನಿಗಳು ಸೇರಿ ಕಟ್ಟಿಕೊಂಡದ್ದು. ಇಲಿಯ ಮೆದುಳಿನಿಂದ ಹಿಡಿದು ಮನುಷ್ಯನ ಮರೆವಿನ ತನಕ ಯಾರು ಏನು ಹುಡುಕಹೊರಟರೂ ಅವರ ಬೆನ್ನಿಗೆ ನಿಲ್ಲುವುದು, ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ಸಮ್ಮೇಳನ ಮಾಡುವುದು ಅದರ ಕೆಲಸ. ಹಳ್ಳಿಯಲ್ಲಿ ವಯಸ್ಸಾದವರ ನೆನಪು ಹೇಗಿರುತ್ತದೆ ಎಂದು ನೋಡಿಬರಲು ಅದು ಡಾಕ್ಟರ್ ಅಪರ್ಣ ಅವರಿಗೆ ಬೆಂಬಲ ಕೊಟ್ಟಿತ್ತು. ತುಮಕೂರಿನ ಸದಾಶಿವನಗರದವರು, ಒಳ್ಳೆಯ ಹೆಣ್ಣುಮಗಳು. ಹಾಲಿನ ಸಂಘದ ಜಗಲಿಯ ಮೇಲೆ ಊರಿನ ಹಿರಿಯರನ್ನೆಲ್ಲ ಕೂರಿಸಿಕೊಂಡು, ಎರಡು ವರ್ಷ ಬಂದು ಎಲ್ಲರ ನೆನಪನ್ನು ಪರೀಕ್ಷೆ ಮಾಡುತ್ತೇನೆ ಅಂದರು.

ನಮ್ಮೂರಿನಲ್ಲಿ ಸಂಘ ಅಂದರೆ ಹಾಲಿನದು. ಮಹಾದೇವಯ್ಯ ಅದರ ಕಾರ್ಯದರ್ಶಿ. ಅವನು ಎದ್ದು ನಿಂತು ಗಂಭೀರವಾಗಿಯೇ ಕೇಳಿದ: "ಹಾಲಿನ ಸಂಘಕ್ಕೆ ಹಾಲು ಹಾಕ್ತೀವಿ ಮೇಡಂ. ಮೆದುಳಿನ ಸಂಘಕ್ಕೆ ನಾವು ಏನ್ ಹಾಕ್ಬೇಕು?"

"ಏನೂ ಬೇಡ. ಸ್ವಲ್ಪ ಹೊತ್ತು ಕೂತು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು."

"ಡಿಗ್ರಿ ಬರ್ಲಿಲ್ಲ ಅಂದ್ರೆ ವಾಪಸ್ ಕಳಿಸ್ತೀರಾ?"

ಹಾಲಿಗೆ ನೀರು ಬೆರೆಸಿದರೆ ಸಂಘದಲ್ಲಿ ಕೊಳವೆ ಮುಳುಗಿಸಿ ಡಿಗ್ರಿ ನೋಡಿ ಕ್ಯಾನು ವಾಪಸ್ ಕಳಿಸುತ್ತಾರೆ. ಕ್ಯಾನು ಹೊತ್ತು ಮನೆಗೆ ವಾಪಸ್ ನಡೆಯುವವನನ್ನು ಬೀದಿಯೆಲ್ಲ ನಿಂತು ನೋಡುತ್ತದೆ. ಅಪರ್ಣ ಅವರಿಗೆ ಇದೆಲ್ಲ ತಿಳಿಯದು. ಪಾಸು ಫೇಲು ಅಂತ ಏನೂ ಇಲ್ಲ ಎಂದು ನಕ್ಕರು. ನಾನೂ ಮಕ್ಕಳಿಗೆ ಹಾಗೇ ಹೇಳುತ್ತೇನೆ, ಅವರೂ ನಂಬುವುದಿಲ್ಲ. ಹಿರಿಯರ ನಡುವೆ ಕೂತಿದ್ದ ಕರಿಬಸಮ್ಮ ಅವತ್ತೇ ಮನೆಗೆ ಹೋಗಿ, ನೆನಪು ನಿಲ್ಲಲಿ ಎಂದು ತಲೆಗೆ ಹರಳೆಣ್ಣೆ ಹಚ್ಚಿಕೊಂಡಳು.

ಮೊದಲ ವರ್ಷದ ಪರೀಕ್ಷೆ ಊರ ಹಿರಿಯರಾದ ಮಾವನಿಂದಲೇ, ನಮ್ಮ ಜಗಲಿಯ ಮೇಲೆಯೇ ಶುರುವಾಯಿತು. ಐದು ಪದ ಹೇಳುವುದು, ನಡುವೆ ಬೇರೆ ಏನೇನೋ ಕೇಳುವುದು, ಆಮೇಲೆ ಆ ಐದು ಪದ ಯಾವುದಿತ್ತು ಎಂದು ಕೇಳುವುದು. ತೆಂಗಿನಕಾಯಿ, ಕಂಬಳಿ, ಗಂಟೆ, ಮಲ್ಲಿಗೆ, ನವಿಲು. ಅಪರ್ಣ ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಕಿಟಕಿಯ ಒಳಗೆ ಅತ್ತೆ ಮೊರ ಹಿಡಿದು ಕಾಳು ಕೇರುತ್ತಿದ್ದರು. ಮಾವ ಐದೂ ಪದ ಹೇಳಿದರು, ಒಂದೊಂದಕ್ಕೂ ಮೊದಲು ಹಳೆಯ ಅಭ್ಯಾಸದಂತೆ ಕತ್ತು ಒಂದಿಷ್ಟು ಕಿಟಕಿಯ ಕಡೆ ವಾಲುತ್ತಿತ್ತು. ಅಪರ್ಣ ಅದನ್ನು ಯೋಚನೆ ಮಾಡುವ ಭಂಗಿ ಎಂದುಕೊಂಡರು.

ಹಿಂದಿನಿಂದ ಎಣಿಸಿ ಅಂದಾಗ ಮಾತ್ರ ಒಂದು ತಕರಾರಾಯಿತು. ಮಾವ ಎರಡರ ತನಕ ಇಳಿದು ಬಂದು 'ಲಾಭ' ಅಂತ ನಿಲ್ಲಿಸಿದರು. ರಾಗಿ ಅಳೆಯುವಾಗ, ಕಾಯಿ ಎಣಿಸುವಾಗ ನಮ್ಮ ಕಡೆ ಮೊದಲನೆಯದನ್ನು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅಪರ್ಣ ಪೆನ್ನು ಹಿಡಿದು ಯೋಚಿಸುತ್ತಾ ಕೂತರು. ಊರಿನವರೆಲ್ಲ ಹಾಗೇ ಲಾಭದಲ್ಲಿ ಮುಗಿಸಿದ್ದನ್ನು ಕಂಡು, ಸಂಜೆಯ ಹೊತ್ತಿಗೆ ಎಲ್ಲರಿಗೂ ಸರಿ ಹಾಕಿದರು. ಅವತ್ತಿನಿಂದ ಅವರಿಗೆ ನಮ್ಮೂರಿನ ಮೇಲೆ ಒಂದು ಥರ ಮೋಹ ಬಂತು.

ಆ ವರ್ಷವೆಲ್ಲ ಅತ್ತೆ ಮನೆಯಲ್ಲಿ ನಾಟಕದ ಪ್ರಾಕ್ಟೀಸು ಇಟ್ಟುಕೊಂಡರು. ಅವರೇಕಾಯಿ ಸುಲಿಯುತ್ತಾ ಮಾವನನ್ನು ಎದುರಿಗೆ ಕೂರಿಸಿಕೊಳ್ಳುವುದು, ತೆಂಗಿನಕಾಯಿಯಿಂದ ಶುರು ಮಾಡಿಸುವುದು. ಮಾವ ನಾಲ್ಕು ಪದ ಸಲೀಸಾಗಿ ಹೇಳುತ್ತಿದ್ದರು. ಐದನೆಯದಕ್ಕೆ ಬಂದರೆ 'ಕೋಳಿ' ಅನ್ನುತ್ತಿದ್ದರು.

"ನವಿಲು," ಅನ್ನುತ್ತಿದ್ದರು ಅತ್ತೆ.

"ಅದೇ ಕಣೇ. ಕೋಳಿ."

"ತ್ವಾಟಕ್ ಬಂದು ಕಾಳೆಲ್ಲ ತಿಂದೋಯ್ತದಲ್ಲ, ಉದ್ದ ಬಾಲ. ಅದೇನು?"

"ಗೊತ್ತು ಬುಡು. ಕೋಳಿ."

ಎರಡನೆಯ ವರ್ಷ ಅಪರ್ಣ ಬಂದರು, ಅವೇ ಐದು ಪದ ಕೇಳಿದರು. ಕಿಟಕಿಯ ಒಳಗಿನಿಂದ ಅತ್ತೆ 'ನವಿಲು' ಎಂದು ಎತ್ತಿಕೊಟ್ಟದ್ದು ಆ ದಿನ ನಡುಮನೆಯಲ್ಲಿದ್ದ ನನಗೂ ಕೇಳಿಸಿತು. ಮಾವನಿಗೂ ಕೇಳಿಸಿರಬೇಕು. ಆದರೂ ಅವರು ಎದೆಯುಬ್ಬಿಸಿ, ಹುಣ್ಣಿಮೆ ಅಂದ ದನಿಯಲ್ಲೇ, 'ಕೋಳಿ' ಅಂದರು. ಅಪರ್ಣ ಬರೆದುಕೊಂಡರು. ಕಿಟಕಿಯಲ್ಲಿ ಅತ್ತೆಯ ಮುಖ ಸುಣ್ಣದಂತಾಗಿತ್ತು.

ಮಧ್ಯಾಹ್ನ ಅಪರ್ಣ ಅವರಿಗೆ ನಮ್ಮ ಮನೆಯಲ್ಲೇ ಊಟ. ಸಾರು ಬಡಿಸಿದ ಮೇಲೆ ಅತ್ತೆ, "ಮೊಸರು ತತ್ತೀನಿ," ಎಂದು ಹಿತ್ತಿಲ ಬಾಗಿಲಿನಿಂದ ಹೋದರು. ಮೊಸರು ಅಡುಗೆಮನೆಯ ನೆಲುವಿನಲ್ಲೇ ಇತ್ತು. ಅಪರ್ಣ ಊಟ ಮಾಡಿ, ಕೈ ತೊಳೆದು, ನನ್ನ ಮದುವೆಯ ಆಲ್ಬಂ ನೋಡಿ ಮುಗಿಸಿದ ಮೇಲೆ ಅತ್ತೆ ಬರಿಗೈಯಲ್ಲಿ ಏದುಸಿರು ಬಿಡುತ್ತಾ ಬಂದರು. ಊರಿನ ಯಾವ ಮನೆಯಲ್ಲೂ ಮೊಸರು ಹೆಪ್ಪಾಗಿರಲಿಲ್ಲವಂತೆ.

ಅವರು ಹೋದದ್ದು ಯಾಕೆಂದು ಹಾಲಿನ ಸಂಘದ ಜಗಲಿಯಲ್ಲಿ ಗೊತ್ತಾಯಿತು. ಕರಿಬಸಮ್ಮ ಕೂತಳು: ತೆಂಗಿನಕಾಯಿ, ಕಂಬಳಿ, ಗಂಟೆ, ಮಲ್ಲಿಗೆ, ಕೋಳಿ. ಅವಳ ನಂತರದವನೂ ಕೋಳಿ. ಅವನ ಹೆಂಡತಿಯೂ ಕೋಳಿ. ಸಂಜೆಯ ತನಕ ಊರಿನ ಹಿರಿಯರು ಒಬ್ಬರಾದ ಮೇಲೊಬ್ಬರು ಬಂದು ನಾಲ್ಕು ಪದ ಸರಿ ಹೇಳಿ ಐದನೆಯದಕ್ಕೆ ಕೋಳಿ ಹಿಡಿದು ಎದ್ದುಹೋದರು. ಮಹಾದೇವಯ್ಯ ಮಂತ್ರಿಯ ಪಾರ್ಟು ಮಾಡಿದವನಾದ್ದರಿಂದ ಸ್ವಂತದ್ದೊಂದು ಸೇರಿಸಿದ, "ಕೋಳಿ ಮೇಡಂ. ನಾಟಿ ಕೋಳಿ."

ನನಗೆ ತಲೆ ಬಿಸಿಯಾಯಿತು. ಮನೆಗೆ ಬಂದು ಅತ್ತೆಯನ್ನು ಅಡುಗೆಮನೆಯಲ್ಲಿ ಹಿಡಿದೆ. ಅವರು ತಲೆ ಎತ್ತದೆ ಒಲೆ ಉರಿ ಮಾಡುತ್ತಾ, "ಅವ್ರೊಬ್ರೇ ತಪ್ಪಾಗ್ಬಾರ್ದು ಕಣವ್ವ," ಅಂದರು. ಅಷ್ಟೇ. ಜಗಳ ಆಡಲು ಬಂದವಳು ನಾನು, ಮುದ್ದೆಗೆ ಹಿಟ್ಟು ಜರಡಿ ಹಿಡಿದು ಕೂತೆ.

ಅಪರ್ಣ ಮಾರನೆಯ ವಾರ ಗುಬ್ಬಿಯಲ್ಲಿ ಸ್ಕೂಲಿಗೇ ನನ್ನನ್ನು ಹುಡುಕಿಕೊಂಡು ಬಂದರು. ಮುಖದಲ್ಲಿ ಹಬ್ಬದ ಕಳೆ.

"ಸುಧಾ, ಇಂಥದ್ದು ನಾನು ಎಲ್ಲೂ ನೋಡಿಲ್ಲ. ಇಡೀ ಊರು ಒಂದೇ ಜಾಗದಲ್ಲಿ, ಒಂದೇ ಥರ ತಪ್ಪಿದೆ. ಎಲ್ಲರ ನೆನಪೂ ಒಂದೇ ಅಚ್ಚಿನಲ್ಲಿ ಎರೆದ ಹಾಗಿದೆ."

"ಮೇಡಂ, ನಮ್ಮ ಸ್ಕೂಲಲ್ಲಿ ಹಾಗಾದ್ರೆ ಅದಕ್ಕೆ ನಾವು ಕಾಪಿ ಅಂತೀವಿ."

ಅವರು ಜೋರಾಗಿ ನಕ್ಕರು. "ಟೀಚರ್‌ಗಳಿಗೆ ಎಲ್ಲಾ ಕಡೆ ಅದೇ ಅನುಮಾನ," ಎಂದು ನನ್ನ ಬೆನ್ನು ತಟ್ಟಿ ಹೋದರು. ಇದಕ್ಕಿಂತ ಬಿಡಿಸಿ ಹೇಳಬೇಕೆಂದರೆ ಮಾವನ ಹೆಸರು ಎತ್ತಬೇಕಿತ್ತು, ಆ ಹೆಸರು ಎತ್ತುವ ಹಕ್ಕು ನನ್ನದಾಗಿರಲಿಲ್ಲ.

ಮೆದುಳು ಸಂಘದ ಆ ವರ್ಷದ ಸಮ್ಮೇಳನ ತುಮಕೂರಿನಲ್ಲೇ, ಬಟವಾಡಿಯ ಹೈವೇ ಪಕ್ಕದ ಒಂದು ದೊಡ್ಡ ಸಭಾಂಗಣದಲ್ಲಿ ಇಟ್ಟುಕೊಂಡಿದ್ದರು. ಕೊನೆಯ ದಿನ ಪರೀಕ್ಷೆಗೆ ಕೂತ ಊರುಗಳಿಗೆ ಸನ್ಮಾನ. ಮರಿಗೊಂಡನಪಾಳ್ಯದ ಪರವಾಗಿ ಲಕ್ಷ್ಮೀನರಸಿಂಹಯ್ಯ ದಂಪತಿಗಳು ಬರಬೇಕೆಂದು ಅಪರ್ಣ ತಾವೇ ಬಂದು ಕರೆದರು. ದಂಪತಿಗಳನ್ನು ಕರೆದರೆ ಊರು ಸುಮ್ಮನಿರುತ್ತದೆಯೇ? ಮಹಾದೇವಯ್ಯ ಬಾಡಿಗೆ ಟೆಂಪೋ ಮಾಡಿಸಿದ. ಅತ್ತೆ ಟೆಂಪೋದಲ್ಲಿ ಎಲ್ಲರಿಗೂ ಕೊನೆಯ ಸಲ ತಾಕೀತು ಮಾಡಿದರು. "ಯಾರೇ ಕೇಳ್ಳಿ, ಏನೇ ಕೇಳ್ಳಿ, ಕೋಳಿ. ಗೊತ್ತಾಯ್ತಾ?"

"ಗೊತ್ತಾಯ್ತು ಗಂಗಕ್ಕ," ಅಂತು ಟೆಂಪೋ.

ಮಾವ ಜರಿ ಪೇಟ ಕಟ್ಟಿಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಯಾವ ಊರಿನ ನಾಟಕಕ್ಕೆ ಹೋಗುತ್ತಿದ್ದೇವೆ ಎಂದು ಕೇಳಿದರು. ತುಮಕೂರಿನದು ಅಂದರು ಅತ್ತೆ.

ಸಭಾಂಗಣದ ಮುಂದಿನ ಸಾಲಿನಲ್ಲಿ ಮಾವ, ಪಕ್ಕದಲ್ಲಿ ನಾನು. ಊರಿನ ಪರವಾಗಿ ಎರಡು ಮಾತಾಡಲೆಂದು ಅತ್ತೆಯನ್ನು ಸ್ಟೇಜಿನ ಪಕ್ಕ ಕೂರಿಸಿದ್ದರು. ಊರಿನವರಿಗೆ ಹಿಂದಿನ ಸಾಲುಗಳು. ನಡುವೆಲ್ಲ ಕತ್ತಿಗೆ ಕಾರ್ಡು ನೇತು ಹಾಕಿಕೊಂಡ ವಿಜ್ಞಾನಿಗಳು. ಅಪರ್ಣ ದೊಡ್ಡ ಪರದೆಯ ಮೇಲೆ ಗೆರೆಗಳನ್ನೂ ಅಂಕಿಗಳನ್ನೂ ತೋರಿಸುತ್ತಾ ಹೋದರು. ಆಮೇಲೆ ಗರಿ ಬಿಚ್ಚಿದ ಒಂದು ನವಿಲು ಬಂತು. ಅದು ಮಾಯವಾಗಿ ಒಂದು ಕೋಳಿ ಬಂತು. ಸಭೆಯಲ್ಲಿ ಗುಜುಗುಜು ಎದ್ದಿತು. ಸಾಕಿದ ಹಕ್ಕಿಯ ನೆನಪು ಕಾಡುಹಕ್ಕಿಯ ನೆನಪನ್ನು ನುಂಗುತ್ತದೆಯೇ ಎಂದು ಒಬ್ಬರು ಇಂಗ್ಲಿಷಿನಲ್ಲಿ ಕೇಳಿದರು. ಊಟದ ಪದ್ಧತಿಗೂ ಇದಕ್ಕೂ ಸಂಬಂಧವಿರಬಹುದು ಎಂದರು ಇನ್ನೊಬ್ಬರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಾ ಕೂತೆ.

ಮೆದುಳು ಸಂಘದ ಕಾರ್ಯದರ್ಶಿ ಪ್ರೊಫೆಸರ್ ಗುರುಪ್ರಸಾದ್ ಅವರು ಕನ್ನಡದವರೇ. ಅತ್ತೆಯನ್ನು ಸ್ಟೇಜಿಗೆ ಕರೆದು, ಮೈಕು ಅವರ ಎತ್ತರಕ್ಕೆ ಇಳಿಸಿ, "ಅಮ್ಮ, ಆ ಐದು ಪದ ಯಾವುದು ಅಂತ ನೀವೇ ಒಂದು ಸಲ ಹೇಳಿಬಿಡಿ. ಎಲ್ಲರೂ ಕೇಳಲಿ," ಅಂದರು.

ಅತ್ತೆ ಮೈಕಿನ ಮುಂದೆ ನಿಂತರು. ಎದುರಿಗೆ ಲೈಟು, ಅದರಾಚೆ ಜನ.

"ತೆಂಗಿನಕಾಯಿ. ಕಂಬಳಿ. ಗಂಟೆ. ಮಲ್ಲಿಗೆ."

ನಿಂತುಹೋಯಿತು. ಬಾಯಿ ತೆರೆದೇ ಇದೆ, ಮಾತು ಬರುತ್ತಿಲ್ಲ. ನವಿಲು ಅಂದರೆ ಗಂಡ ತಪ್ಪಾಗುತ್ತಾರೆ, ಕೋಳಿ ಅಂದರೆ ಇಷ್ಟು ದೊಡ್ಡ ಸಭೆಗೆ ಎದುರೆದುರೇ ಸುಳ್ಳು ಹೇಳಿದ ಹಾಗೆ. ನಾಲಿಗೆ ಎರಡರ ನಡುವೆ ಸಿಕ್ಕಿಕೊಂಡಿತು ಎಂದು ಆಮೇಲೆ ಹೇಳಿದರು. ಅವರು ಸೈಡ್ ವಿಂಗಿನ ಕಡೆ ತಿರುಗಿ ನೋಡಿದರು. ಅಲ್ಲಿ ಹೂಗುಚ್ಛ ಹಿಡಿದ ಒಬ್ಬಳು ಹುಡುಗಿ ಇದ್ದಳು, ಎತ್ತಿಕೊಡುವವರು ಯಾರೂ ಇರಲಿಲ್ಲ. ಹುಡುಗರನ್ನು ಎಬ್ಬಿಸಿ ನಿಲ್ಲಿಸುವ ನಾನು, ಆ ಗಳಿಗೆಯಲ್ಲಿ ಯಾವುದೋ ಒಂದು ಹಕ್ಕಿಯ ಹೆಸರು ಕೂಗಿಬಿಡಲು ತಯಾರಾಗಿದ್ದೆ.

ಪಕ್ಕದಲ್ಲಿ ಮಾವ ಎದ್ದು ನಿಂತರು. ಬಲಗೈ ತಾನಾಗಿ ಹೆಗಲ ಹತ್ತಿರ ಹೋಯಿತು, ಗದೆ ಇದ್ದ ಹಾಗೆ.

"ನವಿಲು," ಅಂದರು. ಮೈಕು ಬೇಕಿರಲಿಲ್ಲ. "ನವಿಲು ಕಣೇ. ಹೇಳು."

ಹಿಂದಿನ ಸಾಲಿನಲ್ಲಿ ಮಹಾದೇವಯ್ಯ ಗಾಬರಿಯಿಂದ ಎದ್ದ. "ಕೋಳಿ," ಅಂದ. ಕರಿಬಸಮ್ಮ ಕೋಳಿ ಅಂದಳು. ಮರುಗಳಿಗೆಯಲ್ಲಿ ಇಡೀ ಮರಿಗೊಂಡನಪಾಳ್ಯ ಎದ್ದು ನಿಂತು ಕೋಳಿ ಕೋಳಿ ಎಂದು ಕೂಗುತ್ತಿತ್ತು. ವಿಜ್ಞಾನಿಗಳು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತಿರುಗಿ ನೋಡುತ್ತಿದ್ದರು.

ಮಾವ ಜನದ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. "ಯಾವನ್ಲಾ ಅವನು ಕೋಳಿ ಅಂದೋನು? ಅಷ್ಟು ದೊಡ್ಡ ಚಿತ್ರ ಹಾಕವ್ರೆ, ಕಣ್ ಕಾಣಾಕಿಲ್ವಾ? ನವಿಲು ಕಣ್ರಲಾ."

ಊರು ಗಪ್ಪನೆ ಕೂತಿತು. ಪರದೆಯ ಮೇಲೆ ಕೋಳಿ ಒಂದೇ ಉಳಿಯಿತು.

ಆಗ ಅತ್ತೆಗೆ ಮಾತು ಬಂತು. "ಅವ್ರು ಹೇಳಿದ್ದೇ ಸರಿ," ಅಂದರು ಮೈಕಿನಲ್ಲಿ. "ನವಿಲೇ. ಊರ್ನೋರ್ದು ತಪ್ಪಿಲ್ಲ, ಕೋಳಿ ಅನ್ನಿ ಅಂತ ಮನೆ ಮನೆಗೂ ಹೋಗಿ ಹೇಳ್ಕೊಟ್ಟೋಳು ನಾನು. ನಮ್ಮೆಜಮಾನ್ರಿಗೆ ಮರೆವು ಬಂದೈತೆ. ಉಂಡಿದ್ದು ನೆಪ್ಪಿರಲ್ಲ. ಒಂದೊಂದ್ ದಿನ ನಾನೂ ನೆಪ್ಪಿರಲ್ಲ. ಅವತ್ತು ಅವ್ರು ಕೋಳಿ ಅಂದ್ರು. ಒಬ್ರೇ ತಪ್ಪಾದ್ರೆ ಜನ ಅವ್ರನ್ನ ಮಾತಾಡ್ಸೋದ್ ಬುಡ್ತಾರೆ ಅಂತ ಊರ್ಗೆಲ್ಲ ಕೋಳಿ ಅನ್ನಿಸ್ದೆ. ಈ ಮೇಡಮ್ಮಂಗೆ ಇದೊಂದೂ ಗೊತ್ತಿಲ್ಲ. ಆ ಹುಡ್ಗೀನ ಬಯ್ಬೇಡಿ."

ಕನ್ನಡ ಬಲ್ಲವರು ಬಾರದವರಿಗೆ ಪಿಸುಗುಟ್ಟಿ ಹೇಳಿದರು. ಆಮೇಲೆ ನಗು ಒಂದೊಂದೇ ಸಾಲಿನಲ್ಲಿ ಎದ್ದಿತು, ಪೂರ್ತಿ ಅರ್ಥವಾದ ಮೇಲೆ ಒಂದೊಂದೇ ಸಾಲಿನಲ್ಲಿ ನಿಂತಿತು. ನಂತರ ಈ ಊರಿನ ಅಂಕಿಗಳನ್ನು ಏನು ಮಾಡಬೇಕೆಂದು ಅವರವರಲ್ಲೇ ಇಂಗ್ಲಿಷಿನಲ್ಲಿ ವಾದ ಹತ್ತಿಕೊಂಡಿತು, ನಮ್ಮ ಹಾಲಿನ ಸಂಘದ ಸರ್ವಸದಸ್ಯರ ಸಭೆಗಿಂತ ಏನೂ ಕಡಿಮೆ ಇರಲಿಲ್ಲ. ಅಪರ್ಣ ಅದನ್ನು ಕೇಳಿಸಿಕೊಳ್ಳದೆ ಅತ್ತೆಯ ಹತ್ತಿರ ಬಂದರು.

"ನನಗೆ ಒಂದು ಮಾತು ಹೇಳಬಹುದಿತ್ತಲ್ಲಮ್ಮ."

"ಹೇಳಿದ್ರೆ ನೀನು ಬರ್ಕೊಂಡ್ಬುಡ್ತಿದ್ದೆ ಕಣಮ್ಮ."

ಎರಡು ವರ್ಷದ ದುಡಿಮೆ ನೀರಿಗೆ ಬಿದ್ದ ಹುಡುಗಿ, ಅತ್ತೆಯ ಕೈ ಹಿಡಿದುಕೊಂಡು ನಿಂತಿದ್ದಳು. ನನಗೆ ಅವಳ ಮೇಲೆ ನಿಜವಾಗಿ ಪ್ರೀತಿ ಬಂದದ್ದು ಆಗ.

ಗುರುಪ್ರಸಾದ್ ಅವರು ವಾದ ಮಾಡುವವರನ್ನು ಮಾಡಲು ಬಿಟ್ಟು, ಊರಿಗೆಂದು ತಂದ ಶಾಲನ್ನು ತೆಗೆದುಕೊಂಡು ಸ್ಟೇಜಿನಿಂದ ಇಳಿದು ಬಂದು ಮಾವನಿಗೆ ಹೊದೆಸಿದರು. ಮಾವ ಅದನ್ನು ರಾಜನಂತೆಯೇ ಹೊದ್ದುಕೊಂಡು, ಸಭೆಗೆ ಕೈ ಮುಗಿದು, ಕೂರದೆ ಕಾಯುತ್ತಾ ನಿಂತರು. ಯಾವುದಕ್ಕೆ ಕಾಯುತ್ತಿದ್ದಾರೆಂದು ವಿಜ್ಞಾನಿಗಳಿಗೆ ತಿಳಿಯಲಿಲ್ಲ. ಹಿಂದಿನ ಸಾಲಿಗೆ ತಿಳಿಯಿತು.

"ಒನ್ಸ್ ಮೋರ್," ಎಂದು ಕೂಗಿತು ಮರಿಗೊಂಡನಪಾಳ್ಯ.

"ನವಿಲು," ಅಂದರು ಮಾವ, ಇನ್ನೂ ಉದ್ದವಾಗಿ ಎಳೆದು. ಚಪ್ಪಾಳೆ ಬಿತ್ತು.

ಆಮೇಲೆ ಅಪರ್ಣ ಬಟವಾಡಿಯ ಒಂದು ಕ್ಲಿನಿಕ್ಕಿನಲ್ಲಿ ಮಾವನನ್ನು ಸರಿಯಾಗಿ ನೋಡಿಸಿದರು. ಕಾಯಿಲೆಗೆ ಹೆಸರು ಬಂತು, ಒಂದು ಮಾತ್ರೆ ಬಂತು. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಒಂದಿಷ್ಟು ಕಾಲ ಹಿಡಿದಿಡಬಹುದು ಎಂದರು. ಆ ದಿನ ಯಾಕೆ ನವಿಲು ಬಂತು ಎಂದು ಅತ್ತೆ ಕೇಳಿದ್ದಕ್ಕೆ, ಚಿತ್ರ ನೋಡಿ ಬಂದಿರಬಹುದು, ಹೀಗೇ ಎಂದು ಹೇಳಲಾಗುವುದಿಲ್ಲ ಎಂದು ಒಪ್ಪಿಕೊಂಡರು. ನಮ್ಮೂರಿನ ಕೋಳಿಯ ಮೇಲೆ ಬರೆದದ್ದನ್ನೆಲ್ಲ ಬಿಟ್ಟುಕೊಟ್ಟು, ಮರೆತವರಿಗೆ ಮನೆಯವರು ಹೇಗೆ ಎತ್ತಿಕೊಡುತ್ತಾರೆ ಎಂದು ನೋಡಲು ಸಂಘವನ್ನು ಹೊಸದಾಗಿ ಕೇಳಿಕೊಂಡಿದ್ದಾರೆ. ಈಗ ಪರೀಕ್ಷೆಗೆ ಬಂದರೆ ಅತ್ತೆಯನ್ನು ಕಿಟಕಿಯ ಹಿಂದೆ ಬಿಡುವುದಿಲ್ಲ, ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ. ಅತ್ತೆಗೆ ಅದು ಅಷ್ಟು ಸರಿ ಬರುವುದಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಅವತ್ತು ಊರಿಗೆ ಮರಳಿದ ದಾರಿಯ ವಿಷಯ. ಟೆಂಪೋದಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅತ್ತೆ ಎಲ್ಲರ ಮುಖವನ್ನೂ ಕದ್ದು ಕದ್ದು ನೋಡುತ್ತಿದ್ದರು. ಗುಟ್ಟು ಹೊರಬಿದ್ದಾಗಿದೆ, ಇನ್ನು ಈ ಜನ ತನ್ನ ಗಂಡನನ್ನು ಹೇಗೆ ನೋಡುತ್ತಾರೆ ಎಂಬುದೊಂದೇ ಅವರಿಗೆ ಉಳಿದ ಚಿಂತೆ. ಗುಬ್ಬಿ ದಾಟುವ ತನಕ ಹಾಗೇ ಇತ್ತು. ಆಮೇಲೆ ಮಹಾದೇವಯ್ಯ ತನ್ನ ಸೀಟಿನಿಂದ ಎದ್ದು, ಕುಲುಕಾಟದಲ್ಲಿ ಕಂಬಿ ಹಿಡಿದುಕೊಂಡು ಮಾವನ ಎದುರಿಗೆ ಬಂದು ನಿಂತ.

"ಪ್ರಭುಗಳು ಕ್ಷಮಿಸಬೇಕು," ಅಂದ. "ಕೋಳಿ ಅಂದಿದ್ದು ನಮ್ದು ತಪ್ಪಾಯ್ತು."

ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹೋಗ್ಲಿ ಬುಡು ಮಂತ್ರಿ," ಅಂದರು. "ಮುಂದಿನ್ ಸಲ ಪಾಠ ಸರಿಯಾಗ್ ಕಲ್ತ್ಕೊಂಡ್ ಬಾ."

ಟೆಂಪೋ ತುಂಬ ನಗು ಎದ್ದಿತು, ಮಾವನೂ ನಕ್ಕರು. ಒಬ್ಬೊಬ್ಬರೇ ಅವರನ್ನು ಮಾತಿಗೆ ಎಳೆದರು, ಅವರ ಜೊತೆಗೇ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಧೂಳು ಅಂದರು.

ಊರು ಹತ್ತಿರವಾದಾಗ ಮಾವ ಅತ್ತೆಯ ಕಡೆ ಬಗ್ಗಿ, ಮರ್ಯಾದೆಯಿಂದ, ಹೊಸಬರನ್ನು ಕೇಳುವ ಹಾಗೆ ಕೇಳಿದರು.

"ಸ್ಟೇಜ್ ಮೇಲೆ ಒಬ್ರು ಹೆಂಗ್ಸು ನಿಂತಿದ್ರಲ್ಲಮ್ಮ, ಮಾತ್ ನಿಂತೋಯ್ತು ಪಾಪ. ನಾನ್ ಎತ್ಕೊಟ್ಟೆ. ಆಯಮ್ಮಂದು ಯಾವ್ ಪಾರ್ಟು?"

ಅತ್ತೆ ಅವರ ಹೆಗಲ ಮೇಲಿನ ಶಾಲು ಸರಿ ಮಾಡಿದರು.

"ಹೆಂಡ್ತಿ ಪಾರ್ಟು," ಅಂದರು.

"ಚೆನ್ನಾಗ್ ಮಾಡಿದ್ಲು," ಅಂದರು ಮಾವ.